ಜಳಕ ಮಾಡಿ ಬಂದ ಮೀನುಗಳು

ಹೈದರಾಬಾದಿನಲ್ಲಿ ಮೀನಿನ ರಕ್ತಪರೀಕ್ಷೆ ಕಲಿಯುತ್ತಿದ್ದ ದಿನಗಳನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಪೇಂಟಿನ ಒಂದು ಹಳೆಯ ಬಕೆಟ್ಟು, ಅದರ ನೀಲಿ ಮುಚ್ಚಳ. ನೀಲಿಯೇ ಎಂದು ಆಣೆ ಮಾಡಲಾರೆ.

ಅದನ್ನು ತಂದಾತ ಯಾದಗಿರಿ ಕಡೆಯವನು. ನಗರದ ಹೊರಗೆ ಯಾರದೋ ಮೀನಿನ ಹೊಂಡ ಕಾಯುತ್ತಿದ್ದ. ದಂಡೆಯ ಮೇಲಿನ ತಗಡಿನ ಕೋಣೆಯಲ್ಲೇ ಅವನ ಸಂಸಾರ. ಹೊಂಡದಲ್ಲಿದ್ದದ್ದು ಮಾರ್ಪು, ಹುರುಪೆಯಿಲ್ಲದ ಮೀಸೆಯ ಮೀನು. ದಿನಾ ಕೆಲವು ಸಾಯುತ್ತಿದ್ದವು. ಉಳಿದವೂ ಸತ್ತರೆ ಕೋಣೆ ಖಾಲಿ ಮಾಡು ಎಂದು ಮಾಲೀಕ ಹೇಳಿದ್ದ. ಮೀನಿನ ರೋಗ ನೋಡುವ ನಮ್ಮ ಪ್ರಯೋಗಾಲಯದಲ್ಲಿ ಕನ್ನಡದವಳೊಬ್ಬಳು ಇದ್ದಾಳೆಂದು ಯಾರಿಂದಲೋ ತಿಳಿದು ನನಗೆ ಫೋನು ಮಾಡಿದ್ದ. ಜೀವಂತ ಮೀನು ತನ್ನಿ, ರಕ್ತ ನೋಡಿ ಹೇಳುತ್ತೇನೆ ಎಂದಿದ್ದೆ.

ಮುಚ್ಚಳ ತೆಗೆದಾಗ ಬಕೆಟ್ಟಿನ ತಳ ಕಾಣುತ್ತಿತ್ತು.

"ಇಷ್ಟು ತಿಳಿ ಐತೇನ್ರಿ ಹೊಂಡದ ನೀರು?"

"ಎಲ್ಲೀದ್ರಿ ಅಕ್ಕಾರ! ಅದು ಭಾಳ ಹೊಲಸು. ನಿನ್ನಿ ಸಂಜೀಕ ಬಾಲಾನಗರದಾಗ ತಮ್ಮನ ಮನ್ಯಾಗ ಇಳದು, ನಳದ ನೀರಾಗ ಎರಡು ಸಲ ಜಳಕ ಮಾಡಿಸೀನಿ. ದವಾಖಾನಿಗೆ ಹಂಗ ಕರಕೊಂಡು ಬರ್ತಾರೇನ್ರಿ? ನಾನೂ ಮಾಡೀನಿ. ಆದರ ಇವು ನನಗಿಂತ ಚೊಕ್ಕ ಅದಾವ."

ಇಬ್ಬರೂ ನಕ್ಕೆವು. ಆಮೇಲೆ ನನ್ನ ನಗು ನಿಂತಿತು. ನಳದ ನೀರಿನ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ, ರಕ್ತವನ್ನೂ ಕೆಡಿಸುತ್ತದೆ.

ಆದರೂ ಬಾಲದ ಬುಡಕ್ಕೆ ಸೂಜಿ ಹಾಕಿ ರಕ್ತ ತೆಗೆದೆ. ಸಣ್ಣ ಗಾಜಿನ ಕೊಳವೆಗೆ ತುಂಬಿ ಯಂತ್ರದಲ್ಲಿ ಗಿರಗಿರ ತಿರುಗಿಸಿದರೆ ಕೆಂಪು ಕಣಗಳು ತಳದಲ್ಲಿ ಕೂರುತ್ತವೆ, ಮೇಲೆ ತಿಳಿಹಳದಿ ದ್ರವ ನಿಲ್ಲುತ್ತದೆ. ಆವತ್ತು ಕೆಂಪು ತೀರ ಕಡಿಮೆಯಿತ್ತು. ಮೇಲಿನ ದ್ರವವೂ ಗುಲಾಬಿಯಾಗಿತ್ತು. ಎಂದರೆ ಕಣಗಳು ಒಡೆದಿದ್ದವು. ಹೊಂಡದ ರೋಗದಿಂದಲೋ, ನಳದ ನೀರಿನಿಂದಲೋ? ಪಳಗದ ನನ್ನ ಕೈಯಿಂದಲೂ ಆಗಿರಬಹುದು.

"ಹೊಂಡದ ನೀರಾಗ ಇನ್ನೊಮ್ಮೆ ತರ್ರಿ" ಎಂದೆ.

"ಅಲ್ಲೀತನ ಅವು ಇರಬೇಕಲ್ರಿ. ಈಗೇನು ಮಾಡ್ಲಿ? ಔಷಧ ಹಾಕ್ಲೇನು, ಹೊಸ ನೀರು ಬಿಡ್ಲೇನು?"

ರೋಗ ತಿಳಿಯದೆ ಹಾಕುವ ಔಷಧ ಉಳಿದವನ್ನೂ ಕೊಲ್ಲಬಹುದು. ಗೊತ್ತಿಲ್ಲ ಎಂದೆ. ಬಕೆಟ್ಟಿಗೆ ಮುಚ್ಚಳ ಹಾಕಿ, ಕೈಮುಗಿದು ಹೋದ.

ಫೋನಿನಲ್ಲಿ ಹೊಂಡದ ನೀರಲ್ಲೇ ತರಬೇಕೆಂದು ನಾನು ಹೇಳಿದ್ದೆನೇ? ಹೇಳಿದ್ದೆ ಎನ್ನುತ್ತದೆ ನೆನಪು. ಆ ದಿನದ ಡೈರಿಯಲ್ಲಿ ಇರುವುದು "ಜೀವಂತ ತರಲು ಹೇಳಿದೆ" ಎಂದಷ್ಟೆ. ಹೇಳಿದ ಮಾತನ್ನು ಮೀರುವವನಂತೆ ಆತ ಕಾಣಲಿಲ್ಲ.

ವಾರ ಕಳೆದು ನಾನೇ ಫೋನು ಮಾಡಿದೆ. ಹೆಂಡತಿ ಮಕ್ಕಳೊಂದಿಗೆ ಬಾಲಾನಗರದ ತಮ್ಮನ ಮನೆಯಲ್ಲಿದ್ದ.

"ಎಲ್ಲಾ ಹೋದವ್ರಿ. ಅಕ್ಕಾರ, ನಾ ಜಳಕ ಮಾಡಿಸಿದ್ದಕ್ಕ ನಿಮಗ ರೋಗ ತಿಳೀಲಿಲ್ಲೇನ್ರಿ?"

ಹಾಗೇನಿಲ್ಲ ಎಂದೆ. ನೀರಿನ ಮಾತು ನಾನು ಮೊದಲೇ ಹೇಳಿದ್ದೆನೇ ಎಂದು ಆಗ ಅವನನ್ನೇ ಕೇಳಬಹುದಿತ್ತು. ಕೇಳಲಿಲ್ಲ.