ಬಸ್ಸಲ್ಲಿ ಕಿತ್ತಳೆ ಸಿಪ್ಪೆ ಕೇಳಿದ್ದು

ಕೇಳ್ರಪ್ಪಾ, ಇವತ್ತು ಮಾಗಡಿ ಬಸ್ಸಲ್ಲಿ ಪಕ್ಕ ಕೂತಿದ್ದ ಅಕ್ಕ ಕಿತ್ತಳೆ ಸುಲಿದು, ಸಿಪ್ಪೆನ ಕಿಟಕಿಯಾಚೆ ಎಸೆಯೋಕೆ ಕೈ ಎತ್ತಿದರು. ತಡೆಯೋಕಾಗದೆ, "ಅಕ್ಕಾ, ಆ ಸಿಪ್ಪೆ ನಂಗೆ ಕೊಡ್ತೀರಾ?" ಅಂದೆ.

ಅವರಿಗೆ ನನ್ನ ಮೇಲೆ ಕನಿಕರ ಉಕ್ಕಿಬಂತು. "ಅಯ್ಯೋ, ಸಿಪ್ಪೆ ಯಾಕವ್ವಾ ತಿಂತೀಯಾ? ತಗೋ, ಹಣ್ಣೇ ತಿನ್ನು" ಅಂತ ತೊಳೆಗಳನ್ನ ಕೈಗಿಟ್ಟರು.

ನಾಚಿಕೆಯಾಗಿ, "ತಿನ್ನೋಕಲ್ಲಕ್ಕಾ, ಗೊಜ್ಜು ಮಾಡೋಕೆ" ಅಂದೆ. ಸಣ್ಣಗೆ ಹೆಚ್ಚಿ, ಎಣ್ಣೇಲಿ ಬಾಡಿಸಿ, ಹುಣಸೆರಸ, ಬೆಲ್ಲ, ಸಾರಿನ ಪುಡಿ ಹಾಕಿ ಗಟ್ಟಿಯಾಗೋ ತನಕ ಕುದಿಸಿದರೆ ನಾಕು ದಿನ ಇಟ್ಟರೂ ಕೆಡಲ್ಲ ಅಂತ ಬಾಯಲ್ಲಿ ನೀರೂರೋ ಹಾಗೆ ವಿವರಿಸಿದೆ.

ಅಕ್ಕ ಕಣ್ಣರಳಿಸಿ ಕೇಳಿದರು. ಆಮೇಲೆ ಸಿಪ್ಪೆನೆಲ್ಲ ತಮ್ಮ ಬ್ಯಾಗಿಗೆ ತುಂಬ್ಕೊಂಡು, "ಅಷ್ಟು ರುಚಿ ಐತಾ? ಹಂಗಾರೆ ನಾನೇ ಒಸಿ ಮಾಡ್ನೋಡ್ತೀನಿ ಬುಡು" ಅಂದರು.

ಇನ್ಮೇಲೆ ಸಾಮಾನು ಕೈಗೆ ಸಿಗೋ ತನಕ ರೆಸಿಪಿ ಬಗ್ಗೆ ಬಾಯಿ ಬಿಡಲ್ಲ.