ಕ್ಯೋಟೋದಲ್ಲಿ ಮಗಳಿಗೆ ಹೇಳಿದ್ದು

ದೇವಸ್ಥಾನದ ಹೆಬ್ಬಾಗಿಲಲ್ಲಿ ಶೂ ಬಿಚ್ಚಿಟ್ಟು, ಕಾಲುಚೀಲದಲ್ಲೇ ಜಲ್ಲಿಯ ಮೇಲೆ ಹತ್ತು ಹೆಜ್ಜೆ ಹಾಕಿದ ಮೇಲೆ ಕಣ್ಣಿಗೆ ಬಿತ್ತು: ಅಷ್ಟು ದೊಡ್ಡ ಅಂಗಳದಲ್ಲಿ ಶೂ ಇಲ್ಲದವಳು ನಾನೊಬ್ಬಳೇ. ಡಿಸೆಂಬರಿನ ಚಳಿ ಪಾದದಿಂದ ಮಂಡಿಗೆ ಏರುತ್ತಿತ್ತು.

"ಅಮ್ಮಾ, ಇಲ್ಲಲ್ಲ. ಒಳಗಡೆ ಮೆಟ್ಲ ಹತ್ರ ತೆಗೀಬೇಕು. ಎಲ್ರೂ ನೋಡ್ತಿದಾರೆ," ಎಂದಳು ಎಂಟು ವರ್ಷದ ಮಗಳು ಅನನ್ಯ. ನನ್ನಿಂದ ನಾಚಿಕೆಯಾದಾಗ ಮಾತ್ರ ಅವಳ ಬಾಯಲ್ಲಿ ಇಷ್ಟುದ್ದ ಕನ್ನಡ ಬರುತ್ತದೆ.

ವಾಪಸ್ ಹೋಗಿ ಹಾಕಿಕೊಳ್ಳಬಹುದಿತ್ತು. ಆದರೆ ನಾನು ಮೈಸೂರಿನವಳು. ದೇವರಿಗೆಂದು ಬಿಚ್ಚಿದ್ದನ್ನು ದರ್ಶನವಾಗದೆ ಮೆಟ್ಟುವುದುಂಟೇ? ಹಾಗೇ ನಡೆದೆ.

ಜಪಾನಿನಲ್ಲಿ ಆ ದೊಡ್ಡ ಭೂಕಂಪವಾದ ಮರುವರ್ಷ, ಬಂಧುಗಳೆಲ್ಲ ಬೇಡವೆಂದರೂ ಕೇಳದೆ, ಎರಡು ವರ್ಷದ ಅನನ್ಯಳನ್ನು ಎತ್ತಿಕೊಂಡು ಟೋಕಿಯೋದ ಎಡೋಗಾವಾಕ್ಕೆ ಬಂದವರು ನಾವು. ಆರು ವರ್ಷವಾಯಿತು. ಇನ್ನೂ ಇರುತ್ತೀರಾ, ಹೊರಡುತ್ತೀರಾ ಎಂದು ನನ್ನ ಗಂಡನನ್ನು ಈಗ ಕಂಪನಿ ಕೇಳಿದೆ. "ನೀನು ಹೇಳ್ದಂಗೆ" ಎಂದರು ಇವರು. ಹೊರಡೋಣ ಎಂದೆ. ಕೊಂಬಿನಿ ಎನ್ನುವ ಇಲ್ಲಿನ ಬೀದಿ ಅಂಗಡಿಯಲ್ಲಿ ಪ್ರತಿ ಪೊಟ್ಟಣವನ್ನೂ ತಿರುಗಿಸಿ ಮಾಂಸವಿದೆಯೋ ಎಂದು ಹುಡುಕಿ ಸಾಕಾಗಿತ್ತು. ತರಕಾರಿಯವಳ ಹತ್ತಿರ ಚೌಕಾಸಿ ಮಾಡಿ ಎಷ್ಟು ಕಾಲವಾಗಿತ್ತು! ಮಗಳಿಗೆ ಹೇಳುವುದೊಂದೇ ಬಾಕಿ. ಕ್ಯೋಟೋ ಸುತ್ತುತ್ತಾ ಹೇಳಿಬಿಡೋಣವೆಂದು ತಾಯಿ ಮಗಳು ಇಬ್ಬರೇ ಬಂದಿದ್ದೆವು.

ಊರು ಹಿಡಿಸಿತು. ರಾಜಧಾನಿಯ ಪಟ್ಟ ಟೋಕಿಯೋಗೆ ಹೋದರೂ ಗತ್ತು ಹೋಗಿಲ್ಲ, ನಮ್ಮ ಮೈಸೂರಿನಂತೆಯೇ. ಅರಮನೆಯ ಗೋಡೆಯುದ್ದಕ್ಕೂ ವಯಸ್ಸಾದವರು ಆತುರವಿಲ್ಲದೆ ನಡೆಯುತ್ತಿದ್ದರು. ಓಣಿಯೊಂದರ ಅಂಗಡಿಯಲ್ಲಿ ಮೂಲಂಗಿ ಉಪ್ಪಿನಕಾಯಿ ಕೊಟ್ಟರು. ಖಾರವಿಲ್ಲದ್ದೂ ಒಂದು ಉಪ್ಪಿನಕಾಯಿಯಾ ಎಂದು ಛೇಡಿಸಿದೆ. ಅನನ್ಯ ಇನ್ನೆರಡು ತುಂಡು ತಿಂದಳು. ಹೇಳಲು ಬಾಯಿ ಬರಲಿಲ್ಲ.

ಆಮೇಲೆ ಈ ದೇವಸ್ಥಾನ. ಒಳಗೆ ಬಾಣದ ಗುರುತು ತೋರಿದ ಕಡೆಗೇ ನಡೆಯಬೇಕು. ನಡೆದು ಹೊರಬಿದ್ದರೆ ಹಿಂದಿನ ಬೀದಿ! ಕಾಲುಚೀಲದಲ್ಲೇ ಇಡೀ ಗೋಡೆ ಸುತ್ತಿ ಬಂದೆ. ಎಲೆ ಗುಡಿಸುತ್ತಿದ್ದ ಹೆಂಗಸೊಬ್ಬರು ನನ್ನ ಶೂಗಳನ್ನು ಒರೆಸಿ, ಹೊರಮುಖವಾಗಿ ಜೋಡಿಸಿ ಕಾದಿದ್ದರು. ನಾನು "ಸುಮಿಮಾಸೆನ್" ಎಂದು ಕ್ಷಮೆ ಕೇಳಿ ತಡವರಿಸುವಷ್ಟರಲ್ಲಿ ಅನನ್ಯ ಮುಂದೆ ಬಂದು, ಬಾಗಿ, ಜಪಾನಿಯಲ್ಲಿ ಏನೋ ಹೇಳಿದಳು. ಆಕೆಯೂ ದೊಡ್ಡವರಿಗೆ ಬಾಗುವಂತೆ ಅವಳಿಗೆ ಬಾಗಿದರು.

"ಏನೇ ಅಂದೆ?"

"ನಮ್ಮಮ್ಮಂಗೆ ಇಲ್ಲಿಯ ರೂಲ್ಸ್ ಇನ್ನೂ ಗೊತ್ತಿಲ್ಲ, ಸಾರಿ ಅಂದೆ."

ನನ್ನ ಪರವಾಗಿ ಕ್ಷಮೆ ಕೇಳುವಷ್ಟು ಅವಳು ಇಲ್ಲಿಯವಳಾಗಿದ್ದಳು. ಹೆಮ್ಮೆಪಡುತ್ತಲೇ, ಅವಳ ಮುಖ ನೋಡದೆ ಶೂ ಹಾಕಿಕೊಂಡೆ.

ಸಂಜೆ ನದಿಯ ದಡದಲ್ಲಿ ಕೂತಾಗ ಹೇಳಿದೆ. "ಪುಟ್ಟಿ, ಮಾರ್ಚಲ್ಲಿ ಮೈಸೂರಿಗೆ ಹೋಗೋಣ."

"ಎಷ್ಟ್ ದಿನಕ್ಕೆ?"

"ಅಲ್ಲೇ ಇರಕ್ಕೆ."

ಅಜ್ಜಿ ಇದ್ದಾರೆ, ಮಾವನ ಮಕ್ಕಳಿದ್ದಾರೆ, ದಿನಾ ಬಿಸಿ ದೋಸೆ ಎಂದೆಲ್ಲ ಒಂದೇ ಸಮ ಹೇಳುತ್ತಾ ಹೋದೆ. ಅವಳು ನೀರನ್ನೇ ನೋಡುತ್ತಿದ್ದಳು.

"ಅಮ್ಮ, ನೀನು ಇಲ್ಲಿ ಬಾತ್‌ರೂಮಲ್ಲಿ ನಲ್ಲಿ ಬಿಟ್ಕೊಂಡು ಅಳ್ತೀಯಲ್ಲ, ನಾನೂ ಅಲ್ಲಿ ಹಾಗೇ ಅಳಬೇಕಾ?"

ಸಿಟ್ಟಿನಿಂದ ಕೇಳಿದ್ದಲ್ಲ, ತಿಳಿದುಕೊಳ್ಳಲೆಂದೇ ಕೇಳಿದಳು. ಯಾರಿಗೂ ಗೊತ್ತಾಗದ ಹಾಗೆ ಆರು ವರ್ಷ ಅತ್ತಿದ್ದೇನೆಂದುಕೊಂಡಿದ್ದೆ. ಅವಳ ಕೈ ಹಿಡಿದುಕೊಂಡೆ.

ಮಾರ್ಚಿನಲ್ಲಿ ಹೊರಡುತ್ತೇವೆ. ಒಂದೇ ವಿಮಾನದಲ್ಲಿ ನಾನು ಊರಿಗೆ ಹೋಗುತ್ತೇನೆ, ಅವಳು ಊರು ಬಿಡುತ್ತಾಳೆ.