ಅಕ್ಕನ ಅಂಗಡಿಯ ತೂತು ಡಬ್ಬ

ಮೊನ್ನೆ ಶ್ರೀರಂಗಪಟ್ಟಣದಲ್ಲಿ ಕಾರಿನ ಆಯಿಲ್ ಬದಲಾಯಿಸಲು ಹೋಗಿದ್ದೆ. ಅಂಗಡಿಯವನು ಹೊಸ ಡಬ್ಬದ ಮುಚ್ಚಳ ತಿರುಗಿಸಿದ. ಹೊಸ ಎಂಜಿನ್ ಆಯಿಲ್‌ಗೆ ಒಂದು ವಾಸನೆಯಿದೆ. ಅದನ್ನು ಘಮ ಅಂದರೆ ನನ್ನ ಹೆಂಡತಿ ನಗುತ್ತಾಳೆ, ನಗಲಿ. ನನ್ನ ಪಾಲಿಗೆ ಅದು ಘಮವೇ. ಅದು ಮೂಗಿಗೆ ಬಡಿದದ್ದೇ ತಡ, ಅಕ್ಕ ನೆನಪಾದರು...

ತೊಂಬತ್ತರ ದಶಕದಲ್ಲಿ ಅದೇ ಊರಿನ ಹೆದ್ದಾರಿಯ ಬದಿಯಲ್ಲಿ ಅವರದೊಂದು ಬಿಡಿಭಾಗ ಮತ್ತು ಆಯಿಲ್ ಅಂಗಡಿಯಿತ್ತು. ಗಂಡ ತೀರಿಕೊಂಡ ಮೇಲೆ ಗಲ್ಲಾಪೆಟ್ಟಿಗೆಯ ಮುಂದೆ ಅವರೇ ಕೂತರು. ಲಾರಿ ಡ್ರೈವರುಗಳು, ಟ್ರಾಕ್ಟರಿನವರು, ಅವರಿಗಿಂತ ಹಿರಿಯರು ಕೂಡ ಕರೆಯುತ್ತಿದ್ದದ್ದು ಅಕ್ಕ ಎಂದೇ. ಮಾತು ಒರಟು. ಅವರದೊಂದು ಕಟ್ಟುನಿಟ್ಟಿನ ಪದ್ಧತಿಯಿತ್ತು. ಆಯಿಲ್ ಕೊಂಡವರು ಅಲ್ಲೇ ಗಾಡಿಗೆ ಸುರಿದುಕೊಳ್ಳಬೇಕು. ಡಬ್ಬ ಖಾಲಿಯಾದ ಕೂಡಲೇ ಅಕ್ಕ ಉಳಿ ಇಟ್ಟು ಸುತ್ತಿಗೆಯಿಂದ ಒಂದೇಟು ಹೊಡೆದು ಅದಕ್ಕೆ ತೂತು ಮಾಡುತ್ತಿದ್ದರು.

ಕಾರಣವಿತ್ತು. ಎಂಜಿನ್ನಿನಿಂದ ಇಳಿಸಿದ ಹಳೇ ಆಯಿಲನ್ನು ಸೋಸಿ, ಕಂಪನಿಯ ಖಾಲಿ ಡಬ್ಬಕ್ಕೆ ತುಂಬಿ, ಹೊಸದೆಂದು ಮಾರುವ ದಂಧೆ ಆಗ ಜೋರಾಗಿತ್ತು; ತೂತು ಬಿದ್ದ ಡಬ್ಬ ಅದಕ್ಕೆ ಒದಗದು. ಆದರೆ ನಮ್ಮ ಕಡೆ ಜನಕ್ಕೆ ಆಯಿಲಿನಷ್ಟೇ ಡಬ್ಬದ ಮೇಲೂ ಆಸೆ. ಪಂಪ್‌ಸೆಟ್ಟಿಗೆ ಡೀಸೆಲ್ ತರಲು ಡಬ್ಬ ಬೇಕು, ಸೀಮೆಎಣ್ಣೆಗೆ ಬೇಕು, ಕೊನೆಗೆ ತುಳಸಿ ಗಿಡ ನೆಡಲಾದರೂ ಬೇಕು. ಪಕ್ಕದ ಅಂಗಡಿಯವನು ಡಬ್ಬಕ್ಕೆ ತಂತಿಯ ಹಿಡಿ ಬೇರೆ ಕಟ್ಟಿಕೊಡುತ್ತಿದ್ದ. ಗಿರಾಕಿಗಳು ಒಬ್ಬೊಬ್ಬರಾಗಿ ಅತ್ತ ಸರಿದರು. ಅಕ್ಕನ ಕಪಾಟು ವರ್ಷದಿಂದ ವರ್ಷಕ್ಕೆ ತೆಳ್ಳಗಾಗುತ್ತಿತ್ತು.

ನಾನಾಗ ಪಾಂಡವಪುರದಲ್ಲಿ ಕೆಲಸದಲ್ಲಿದ್ದೆ, ಬಿಡುವಾದಾಗಲೆಲ್ಲ ಅಕ್ಕನ ಅಂಗಡಿಯಲ್ಲಿ ಕೂರುತ್ತಿದ್ದೆ. ಮೈಸೂರಿನ ಯಾರದೋ ಹಿತ್ತಲಲ್ಲಿ ತುಕ್ಕು ಹಿಡಿಯುತ್ತಿದ್ದ ಎರಡು ಸೀಟಿನ ಕೆಂಪು ಸ್ಪೋರ್ಟ್ಸ್ ಕಾರೊಂದನ್ನು ಕೊಂಡು ತಂದು, ಭಾನುವಾರಗಳನ್ನೆಲ್ಲ ಅದರ ಕೆಳಗೆ ಮಲಗಿಯೇ ಕಳೆದು, ಎಂಜಿನ್ ಕಟ್ಟಿದ್ದೆ. ಮನೆಯವರು ಹುಚ್ಚು ಅಂದರು. ಎಂಜಿನ್ ಮೊದಲ ಸಲ ಗರ್ಜಿಸಿದಾಗ ಅವರೇ ಬೀದಿಗೆ ಬಂದು ನಿಂತರು. ಮೈಸೂರಿನಲ್ಲಿ ನಡೆಯುವ ರೇಸಿಗೆ ಹೆಸರು ಕೊಟ್ಟು, ಬೆಂಗಳೂರಿನಿಂದ ವಿದೇಶಿ ಆಯಿಲಿನ ಥಳಥಳಿಸುವ ತಗಡಿನ ಡಬ್ಬ ತಂದೆ. ಅದನ್ನು ಅಕ್ಕನಿಗೆ ತೋರಿಸಿ ಮೆರೆಯುವ ಆಸೆ.

ಅಕ್ಕ ಡಬ್ಬದ ಚಂದ ನೋಡಲಿಲ್ಲ. ಬೋರಲು ಹಾಕಿ, ತಳದ ಬಣ್ಣವನ್ನು ಉಗುರಿನಿಂದ ಕೆರೆದರು. ಬಣ್ಣದಡಿ ಸಾಸಿವೆ ಕಾಳಿನಷ್ಟು ಬೆಸುಗೆ ಕಂಡಿತು.

"ಅಲ್ನೋಡು. ತಳದಲ್ಲಿ ತೂತು ಕೊರ್ದು, ಒಳ್ಳೇದ ಬಸ್ಕಂಡು, ಕೊಳ್ಕು ತುಂಬವ್ರೆ" ಅಂದರು.

ನಾನು ಬಿಡಲಿಲ್ಲ. ಸ್ಪೋರ್ಟ್ಸ್ ಕಾರಿನ ಎಂಜಿನ್ ಟ್ರಾಕ್ಟರಿನ ಹಾಗಲ್ಲ, ಮೂರು ಪಟ್ಟು ವೇಗದಲ್ಲಿ ತಿರುಗುತ್ತದೆ, ತೀರ ದಪ್ಪ ಆಯಿಲ್ ಹಾಕಿದರೆ ಸಂದುಗಳಿಗೆ ಹರಿಯುವುದೇ ಇಲ್ಲ, ತೀರ ತೆಳುವಾದರೆ ನಮ್ಮ ಬಿಸಿಲಿಗೆ ನೀರಾಗುತ್ತದೆ ಎಂದು ಭಾಷಣ ಬಿಗಿದೆ. ಅಕ್ಕ ಪೂರ್ತಿ ಕೇಳಿದರು.

"ಯಾವ್ ಎಣ್ಣೆ ಬೇಕು ಅಂತ ನೀನೇಳು, ಎಂಜಿನ್ನು ನಿಂದು. ಡಬ್ಬದೊಳ್ಗಿರದು ಅದೇನಾ ಅಂತ ನಾನೇಳ್ತೀನಿ."

ಅವರ ಕಪಾಟಿನಲ್ಲಿ ಇದ್ದದ್ದರಲ್ಲೇ ಆರಿಸಿದೆ. ತಣ್ಣಗಿದ್ದಾಗ ಹರಿಯುವ, ಕಾದಾಗಲೂ ಮೈಬಿಡದ ಟ್ವೆಂಟಿ ಫಿಫ್ಟಿ ಆಯಿಲ್. ಅಲ್ಲೇ ಸುರಿದೆ. ಅಕ್ಕ ಆ ಡಬ್ಬಕ್ಕೂ, ಕೊಳಕು ಚೆಲ್ಲಿ ಖಾಲಿ ಮಾಡಿದ ನನ್ನ ಬೆಂಗಳೂರಿನ ಡಬ್ಬಕ್ಕೂ ಉಳಿ ಹೊಡೆದರು. ರೇಸಿನಲ್ಲಿ ಮೂರನೆಯವನಾದೆ. ಮುಂದಿದ್ದ ಇಬ್ಬರ ಕಾರುಗಳು ಹೊಸವು. ಓಡಿಸಿದವರು ನನಗಿಂತ ಮೇಲಲ್ಲ ಎಂದು ಇವತ್ತಿಗೂ ಹೇಳುತ್ತೇನೆ. ಎಂಜಿನ್ ಒಂದು ಸಲವೂ ಕೊಸರಾಡಲಿಲ್ಲ.

ಅಕ್ಕನ ಆಯಿಲಿನ ಸುದ್ದಿ ಹಬ್ಬಿತು. ಕೆ.ಆರ್. ಪೇಟೆ ಕಡೆಯಿಂದ ಕಬ್ಬು ಸಾಗಿಸುವ ಕಂಟ್ರಾಕ್ಟರೊಬ್ಬ ಅಕ್ಕನನ್ನು ಹುಡುಕಿಕೊಂಡು ಬಂದ. ನಾನೂ ಅಲ್ಲೇ ಇದ್ದೆ.

"ನನ್ ಲಾರಿ, ಟ್ರಾಕ್ಟರು ಎಲ್ಲಕ್ಕೂ ನಿನ್ ತಾವೇ ಎಣ್ಣೆ ತಕತೀನಿ ಕಣಕ್ಕ. ಖಾಲಿ ಡಬ್ಬ ಮಾತ್ರ ತೂತು ಮಾಡ್ದೆ ಅಂಗೇ ಕೊಟ್ಬುಡು."

"ಖಾಲಿ ಡಬ್ಬ ತಕಂಡು ಏನ್ ಮಾಡೀಯಪ್ಪ?"

"ಅದ್ಯಾಕೆ ನಿಂಗೆ?"

ಆಗುವುದಿಲ್ಲವೆಂದು ಅಕ್ಕ ಕೈಯಾಡಿಸಿದರು. ಅಂಥ ಗಿರಾಕಿ ಒಬ್ಬ ಸಿಕ್ಕಿದ್ದರೆ ಅಂಗಡಿ ಉಳಿಯುತ್ತಿತ್ತು. ಅದು ಅವರಿಗೂ ಗೊತ್ತು, ನನಗೂ ಗೊತ್ತು. "ಒಪ್ಕೊಂಡ್ಬುಡಿ ಅಕ್ಕ" ಅಂದೆ.

"ನಿನ್ ಕಾರಿಗೆ ಬೆಸುಗೆ ಡಬ್ಬ ತಂದಿದ್ಯಲ್ಲ, ಅದ್ನೂ ಯಾವ್ನೋ ಅಂಗಡಿಯೋನು ಇಂಗೇ ನಂಗ್ಯಾಕೆ ಅಂತ ಒಪ್ಕಂಡು ಮಾರಿದ್ದು ಕಣಪ್ಪ" ಅಂದರು.

ಕಂಟ್ರಾಕ್ಟರು ಪಕ್ಕದ ಅಂಗಡಿಗೆ ನಡೆದ.

ಮಾರನೇ ವರ್ಷ ಅಕ್ಕ ಅಂಗಡಿ ಮುಚ್ಚಿ ನಾಗಮಂಗಲದ ಹತ್ತಿರ ತಮ್ಮನ ಮನೆಗೆ ಹೋದರು. ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಿದ್ದರು. ಒಮ್ಮೆ ಕಾರಿನಲ್ಲಿ ನೋಡಲು ಹೋಗಿದ್ದೆ. ಸಗಣಿ ಕೈ ತೊಳೆದು ಬಂದವರು ನನ್ನ ಯೋಗಕ್ಷೇಮ ಕೇಳಲಿಲ್ಲ. "ಬಾನೆಟ್ ಎತ್ತು" ಅಂದರು. ಎಂಜಿನ್ ಸದ್ದು ಕೇಳಿಸಿಕೊಂಡು, ಆಮೇಲೆ ಕಾಫಿ ಕೊಟ್ಟರು. ಮುಂದೆ ನನಗೆ ವರ್ಗವಾಯಿತು, ಹೋಗುವುದು ಕಡಿಮೆಯಾಯಿತು... ಅವರು ತೀರಿಕೊಂಡರೆಂದು ಯಾರೋ ಹೇಳಿದಾಗ ಅದು ಹಳೇ ಸುದ್ದಿಯಾಗಿತ್ತು. ಇಂದಿಗೂ ಆ ಅಂಗಡಿ ಉಳಿಯಬೇಕಿತ್ತು ಅನ್ನಿಸುತ್ತದೆ.

"ಏನ್ ಸಾ, ಅಂಗೇ ನಿಂತ್ಬುಟ್ರಿ?" ಎಂದು ಮೊನ್ನೆ ಅಂಗಡಿಯವನು ಕೇಳಿದ. ಅವನಿಗೆ ಅಕ್ಕನ ಕತೆ ಹೇಳಿದೆ. ಕೈಯಲ್ಲಿದ್ದ ಡಬ್ಬ ಕೆಳಗಿಟ್ಟು ಕೇಳಿದ. ಅಂಗಡಿ ಇದ್ದ ಜಾಗ ಕೇಳಿದ; ಅದು ರಸ್ತೆ ಅಗಲ ಮಾಡುವಾಗ ಹೋಯಿತು ಎಂದೆ.

"ಎಂಥಾ ಎಂಗ್ಸು ಸಾ! ನಮ್ಮಪ್ಪಂಗೆ ಇಲ್ಲಿನ ಹಳಬ್ರೆಲ್ಲ ಗೊತ್ತು, ಕೇಳ್ತೀನಿ. ಅವ್ರ ಎಸ್ರೇನು?"

"ಅಕ್ಕ" ಅಂದೆ.

"ಅದು ಸರಿ ಸಾ. ಎಸ್ರು?"

ಬಾಯಿ ತೆರೆದೆ. ಅಷ್ಟು ವರ್ಷ ಅವರ ಮುಂದೆ ಕೂತು ಕಾಫಿ ಕುಡಿದಿದ್ದೇನೆ, ಜಗಳ ಆಡಿದ್ದೇನೆ. ಅವರ ಹೆಸರು ನನಗೆ ಗೊತ್ತಿರಲಿಲ್ಲ.